ಮೂರನೇ ದರ್ಜೆಯ ಬೆಣ್ಣೆ

ಆಹಾರ ಮತ್ತು ಕೃಷಿ ಇಲಾಖೆಯ ಬೆಣ್ಣೆ ವಿಭಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ನಾಲಿಗೆಯಮ್ಮ. ಮಾರುಕಟ್ಟೆಗೆ ಹೋಗುವ ಬೆಣ್ಣೆಯನ್ನು ಚಿಟಿಕೆಯಷ್ಟು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬೋಗುಣಿಗೆ ಉಗಿದು, ದರ್ಜೆ ಬರೆಯುವುದು ಅವಳ ಕೆಲಸ. ನುಂಗುವ ಹಾಗಿಲ್ಲ. ಹಸು ಬೇಲಿ ಹಾರಿ ಏನು ಮೇದಿದೆ, ಡೈರಿಯವರು ಯಾವ ಡಬ್ಬ ಸರಿಯಾಗಿ ತೊಳೆದಿಲ್ಲ, ಎಲ್ಲ ಅವಳಿಗೆ ತಿಳಿಯುತ್ತಿತ್ತು. "ಸಂಬಳ ಕೊಟ್ಟು ಉಗಿಸ್ಕೊಳ್ಳೋ ಸರ್ಕಾರ ಇದೊಂದೇ" ಎಂದು ಗಂಡ ನಗುತ್ತಿದ್ದ.

ಅವಳಿಗೆ ಬೆಣ್ಣೆಯ ಜೊತೆ ಹಳೆಯ ಲೆಕ್ಕವೊಂದಿತ್ತು. ಚೊಚ್ಚಲ ಬಸುರಿಯಾಗಿದ್ದಾಗ ಬೆಣ್ಣೆ ತಿನ್ನಬೇಕೆಂಬ ಬಯಕೆ. ಗಂಡನ ಅಣ್ಣನ ಹೆಂಡತಿ, ಅಂದರೆ ಓರಗಿತ್ತಿ, ಬೀರುವಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಒಂದು ದಿನ ಬೆಣ್ಣೆ ಕಡಿಮೆಯಾಗಿದೆ ಎಂದು, ಮನೆ ಗಂಡಸರ ಎದುರಿಗೇ ಇವಳ ಗಲ್ಲ ಹಿಡಿದು, "ಬಾಯಿ ತೆಗಿ" ಎಂದು ಮೂಸಿ ನೋಡಿದಳು. ಬೀರು ತೆರೆದಿದ್ದ ಗಳಿಗೆಯಲ್ಲಿ ಕದ್ದಿದ್ದು ಬೆಕ್ಕು. ಅದು ಸಿಕ್ಕಿಬಿದ್ದ ಮೇಲೂ ತಪ್ಪಾಯಿತು ಎಂದವರಿಲ್ಲ. ಬೇರೆ ಮನೆ ಮಾಡಿದರೂ, ಹೊಟ್ಟೆಯಲ್ಲಿದ್ದ ಮಗಳು ಬೆಳೆದು ನಿಂತರೂ, ಆ ಬೆರಳುಗಳು ಗಲ್ಲದ ಮೇಲೆ ಹಾಗೇ ಇದ್ದವು. ಆ ಓರಗಿತ್ತಿಗೊಂದು ಗತಿ ಕಾಣಿಸದೆ ಸಾಯುವುದಿಲ್ಲ ಎಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಕಾರಿಡಾರಿನ ಬೆಂಚಿನ ಮೇಲೆ ಅದೇ ಓರಗಿತ್ತಿ, ಮಡಿಲಲ್ಲಿ ತಣ್ಣನೆಯ ಪೆಟ್ಟಿಗೆ. ಮಕ್ಕಳ ಜೊತೆ ಸೇರಿ ಡೈರಿ ಹಾಕಿದ್ದಳಂತೆ. ಮೊದಲ ದರ್ಜೆ ಸಿಕ್ಕರೆ ದೊಡ್ಡ ಅಂಗಡಿಯವರು ಕೊಳ್ಳುತ್ತಾರೆ. ಮೂರನೆಯದಾದರೆ ಬಿಸ್ಕತ್ತು ಕಾರ್ಖಾನೆಗೆ, ಸಿಕ್ಕಿದ ಬೆಲೆಗೆ.

"ನಮ್ಮೋಳೇ ಒಳಗಿದ್ದಾಳೆ ಅಂದ್ಮೇಲೆ ಭಯ ಏನು?" ಎಂದು ಹಲ್ಲು ಕಿರಿದಳು.

"ಭಯ ಯಾಕಕ್ಕಾ, ಕೂತ್ಕೊಳ್ಳಿ."

ನಂಟರ ಬೆಣ್ಣೆ ಬಂದರೆ ಕುರ್ಚಿ ಬಿಟ್ಟು ಏಳಬೇಕೆಂಬ ನಿಯಮವಿತ್ತು. ನಾಲಿಗೆಯಮ್ಮ ಏಳಲಿಲ್ಲ. ಗಾಜಿನ ಗೋಡೆಯಾಚೆ ಓರಗಿತ್ತಿ ನೋಡುತ್ತಿದ್ದಂತೆ ಬೆಣ್ಣೆ ಬಾಯಿಗಿಟ್ಟಳು. ಹಾಳು ಬೆಣ್ಣೆ, ಎಷ್ಟು ಚೆನ್ನಾಗಿತ್ತು! ದುರ್ಬೀನು ಹಾಕಿ ಹುಡುಕಿದರೂ ಒಂದು ಹುಳುಕಿಲ್ಲ. ಬೋಗುಣಿ ಹತ್ತಿರಕ್ಕೆ ಎಳೆದು, ಹೊರಗಿನವಳ ಮುಖ ನೋಡುತ್ತಲೇ ಥೂ ಎಂದು ಉಗಿದಳು. ಓರಗಿತ್ತಿಯ ನಗು ಇಳಿಯಿತು, ಇವಳ ಎದೆ ತಂಪಾಯಿತು. ಚೀಟಿಯ ಮೇಲೆ ಮೂರು ಎಂದು ಬರೆದಳು.

ಅದೇ ಬೆಣ್ಣೆಯ ರುಚಿ ನೋಡಿದ ಉಳಿದಿಬ್ಬರು ಪರೀಕ್ಷಕರು ಒಂದು ಎಂದು ಬರೆದಿದ್ದರು. ಇಷ್ಟು ಅಂತರ ಬಂದರೆ ಬೆಣ್ಣೆಯನ್ನಲ್ಲ, ನಾಲಿಗೆಯನ್ನು ಪರೀಕ್ಷಿಸುವುದು ಇಲಾಖೆಯ ಪದ್ಧತಿ. ಮರುದಿನ ಮೇಲಧಿಕಾರಿ ಸಾಲಾಗಿ ತಟ್ಟೆಗಳನ್ನಿಟ್ಟು, "ನಿನ್ನೆ ನೆಗಡಿ ಗಿಗಡಿ ಇತ್ತೇನಮ್ಮಾ? ಇವತ್ತು ಸರಿಯಾಗಿ ಬರೆದ್ರೆ ನಿನ್ನೇದು ಮರೆತುಬಿಡೋಣ" ಎಂದರು. ಒಳ್ಳೆಯ ಮನುಷ್ಯ. ಅದೇ ಬೆಣ್ಣೆಯನ್ನು ನಡುವೆ ಸೇರಿಸಿದ್ದರು. ಬಾಯಿಗಿಟ್ಟೊಡನೆ ಅವಳಿಗೆ ಗೊತ್ತಾಯಿತು. ಒಂದು ಎಂದು ಬರೆದರೆ ಕುರ್ಚಿ ಉಳಿಯುತ್ತದೆ. ನೆರೆಮನೆಗೆ ಅಪಶಕುನವಾಗಲೆಂದು ತನ್ನ ಮೂಗನ್ನೇ ಕೊಯ್ದುಕೊಂಡವನ ಗಾದೆ ಅವಳೂ ಕೇಳಿದ್ದಳು. ಆದರೂ ಆ ಕೈಗೆ ನಾನು ಮೊದಲ ದರ್ಜೆ ಕೊಡುವುದೇ? ಮೂರು ಎಂದು ಬರೆದು ಕೆಳಗೊಂದು ಗೆರೆಯನ್ನೂ ಎಳೆದಳು.

ವಾರದೊಳಗೆ ಅವಳನ್ನು ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುವ ಕೋಣೆಗೆ ಹಾಕಿದರು. ಮೊದಲ ದರ್ಜೆಯ ಪತ್ರ ಒಯ್ಯಲು ಬಂದ ಓರಗಿತ್ತಿ ಅಲ್ಲಿಗೂ ಬಂದು, ಅಂಟು ಮೆತ್ತಿದ ಇವಳ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು. ಕನಿಕರ ನಿಜವಾದದ್ದೇ. ಅದಕ್ಕೇ ಇವಳ ಮೈಯೆಲ್ಲ ಉರಿದುಹೋಯಿತು.

"ಪಾಪ ಕಣೇ, ಇಷ್ಟು ಬೇಗ ನಾಲಿಗೆ ಕೆಟ್ಟೋಯ್ತಂತಲ್ಲ. ನಿಜಾನಾ?"

ಅಕ್ಕಪಕ್ಕದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಇಲ್ಲ ಎನ್ನಬೇಕಾದರೆ, ಓರಗಿತ್ತಿಯ ಬೆಣ್ಣೆ ಅಪರಂಜಿ ಎಂದು ಇಷ್ಟು ಜನರೆದುರು ತಾನೇ ಹೇಳಬೇಕು.

"ಹೌದಕ್ಕಾ" ಎಂದಳು ನಾಲಿಗೆಯಮ್ಮ. "ಈಗೀಗ ಏನೂ ರುಚಿ ಗೊತ್ತಾಗಲ್ಲ."