ಮಾತ್ರೆ ಇಳಿಯುವ ಹೊತ್ತು

ಹೊತ್ತು ಮುಳುಗುವಾಗಿನ ಮಗ್ರಿಬ್ ನಮಾಜಿನ ಕೂಗು ಕೇಳಿದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ದೇವರ ಹೆಸರು ಕಿವಿಗೆ ಬಿದ್ದಾಗ ಹೆದರಬಾರದು, ಗೊತ್ತು. ಆದರೆ ಆಳಂದದ ನಮ್ಮ ಮನೆಯಲ್ಲಿ ಸುಮಾರು ಒಂದು ವರ್ಷ, ಆ ಕೂಗು ಶುರುವಾಗುವ ಹೊತ್ತಿಗೆ ನನ್ನ ಮಗಳು ಬೇರೆ ಯಾರೋ ಆಗಿಬಿಡುತ್ತಿದ್ದಳು.

ಅವಳಿಗೆ ಆಗ ಎಂಟು ವರ್ಷ. ಒಂದು ಕಡೆ ಕೂತವಳಲ್ಲ. ನಾವು ಹೇಳುವ ಮಾತು ಮುಗಿಯುವ ಮೊದಲೇ ಅಂಗಳದಲ್ಲಿರುತ್ತಿದ್ದಳು. ಕಲಬುರಗಿಯ ಡಾಕ್ಟರಮ್ಮ ನೋಡಿ ಎಡಿಎಚ್‌ಡಿ ಎಂದರು, ಬೆಳಿಗ್ಗೆ ಕೊಡಲು ಒಂದು ಮಾತ್ರೆ ಬರೆದರು. ಮಾತ್ರೆ ಕೆಲಸ ಮಾಡಿತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಕೂತು ಬರೆಯುವ ಮಕ್ಕಳನ್ನು ದಿನವೂ ನೋಡುವವಳು. ಆದರೂ ನನ್ನ ಮಗಳು ಒಂದು ಪುಟ ಪೂರ್ತಿ ಬರೆದು ತಂದ ದಿನ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆದರೆ ಹಗಲಿನ ಹಿಂದೆ ಸಂಜೆ ಇರುತ್ತದಲ್ಲ. ಶಾಲೆಯಿಂದ ಬಂದು ಸುಮ್ಮನೆ ಕೂತವಳು ದೀಪ ಹಚ್ಚುವ ಹೊತ್ತಿಗೆ ಚಪ್ಪಲಿ ಎಸೆಯುವಳು, ಕೂದಲು ಕಿತ್ತುಕೊಳ್ಳುವಳು, ಹಿಡಿಯಲು ಹೋದರೆ ಕಚ್ಚುವಳು. ಗಂಟಲು ಹರಿದುಹೋಗುವಂಥ ಅಳು. ಮಾತ್ರೆಗೆ ಮೊದಲು ಅವಳು ತುಂಟಿ ಇದ್ದಳೇ ಹೊರತು ಹೀಗೆ ಯಾವತ್ತೂ ಇರಲಿಲ್ಲ.

ಮಗಳು ದಾದಿ ಎಂದು ಕರೆಯುವ ನಮ್ಮ ಅತ್ತೆ ಜೇವರ್ಗಿಯವರು. ಉರ್ದುವಿನಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುವವರು. ನಾಲ್ಕು ಸಂಜೆ ನೋಡಿ ತೀರ್ಪು ಕೊಟ್ಟರು.

"ಮಗ್ರಿಬ್ ಹೊತ್ತಿನ್ಯಾಗ ಕೂದಲ ಬಿಟ್ಕೊಂಡು ಅಂಗಳದಾಗ ಆಡ್ತಿತ್ತು. ಏನೋ ಬೆನ್ನ ಹತ್ತ್ಯದ ಬೇ. ಇದು ನಮ್ಮ ಕೂಸಲ್ಲ."

"ಹಂಗ ಅನಬ್ಯಾಡ್ರಿ ಅಮ್ಮಾ, ಅಕಿ ಕಿವಿಗೆ ಬೀಳ್ತದ."

"ಬೀಳ್ಲಿ. ಒಳಗ ಕುಂತದ್ದು ಕೇಳ್ಲಿ ಅಂತೇ ಹೇಳಾಕತ್ತೇನಿ."

ಅಂದಿನಿಂದ ದಿನಾ ಸಂಜೆ ಮುಷ್ಟಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸತೊಡಗಿದರು. ನಮ್ಮ ಮನೆಯಲ್ಲಿ ನಿವಾಳಿಸುವವರು ಮಗುವಿನ ಜೊತೆ ಮಾತಾಡುವುದಿಲ್ಲ. ಒಳಗೆ ಸೇರಿದ್ದನ್ನು ಬೈಯುತ್ತಾರೆ, ಗಟ್ಟಿಯಾಗಿ ಬೈದಷ್ಟೂ ಬೇಗ ಹೋಗುತ್ತದೆ ಎಂದು. "ಹೋಗು, ಹೊಸ್ತಿಲ ದಾಟು. ನಿನಗಿಲ್ಲಿ ಅನ್ನ ಇಲ್ಲ, ನೀರಿಲ್ಲ, ನಿನ್ನೋರು ಯಾರೂ ಇಲ್ಲ," ಎಂದು ಆ ಮುದುಕಿ ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಗದರಿಸುವರು. ಒಂದು ತಾಸು ಕಳೆಯುವುದರೊಳಗೆ ಮಗಳು ಮೆತ್ತಗಾಗಿ ನೀರು ಕೇಳುವಳು. ಅತ್ತೆ ಗೆದ್ದವರ ಹಾಗೆ ನನ್ನ ಮುಖ ನೋಡುವರು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಂಥದ್ದನ್ನೆಲ್ಲ ನಂಬುವವಳಲ್ಲ ಎಂಬ ಜಂಬವೂ ಇತ್ತು. ಆದರೆ ಆ ಹೊತ್ತಿನಲ್ಲಿ ಮಗಳ ಕಣ್ಣು ನೋಡಿದರೆ ಅವು ನನ್ನನ್ನು ಗುರುತಿಸುತ್ತಿರಲಿಲ್ಲ. ಕರೆಂಟು ಹೋದ ಸಂಜೆಗಳಲ್ಲಂತೂ ಹೆತ್ತ ಮಗುವನ್ನೇ ಎತ್ತಿಕೊಳ್ಳಲು ಹೆದರುತ್ತಿದ್ದೆ.

ಕೊನೆಗೆ ಮತ್ತೆ ಕಲಬುರಗಿಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಮಾತ್ರಿ ಕಸುವು ಇಳಿಯೋ ಹೊತ್ತಿಗೆ ಕೆಲವು ಮಕ್ಕಳಿಗೆ ಹಿಂಗಾಗ್ತದ್ರಿ. ಹಗಲೆಲ್ಲ ಹಸಿವು ಗೊತ್ತಾಗಿರಂಗಿಲ್ಲ. ಹಸಿವು, ದಣಿವು, ಚಡಪಡಿಕಿ ಎಲ್ಲ ಒಮ್ಮೆಲೇ ಮ್ಯಾಲೆ ಬೀಳ್ತಾವ. ಒಂದು ತಾಸಿಗೆ ತಾನೇ ಇಳೀತದ."

ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಗಿತ್ತು, ಅಷ್ಟೇ. ಅವರು ನಿಧಾನವಾಗಿ ಇಳಿಯುವ ಬೇರೆ ಮಾತ್ರೆ ಬರೆದರು. ನೀವಾಗಿಯೇ ಹೆಚ್ಚುಕಡಿಮೆ ಮಾಡಬೇಡಿ ಎಂದರು. ಮಾತ್ರೆ ಇಳಿಯುವ ಮೊದಲೇ ಹೊಟ್ಟೆ ತುಂಬಿಸಬೇಕು, ಆ ಹೊತ್ತಿನಲ್ಲಿ ಹೋಂವರ್ಕ್ ಇಲ್ಲ, ನೆಂಟರಿಲ್ಲ, ಬೈಗುಳವಿಲ್ಲ.

ಮನೆಗೆ ಬಂದು ಉಪ್ಪು ಮೆಣಸಿನಕಾಯಿ ನಿಲ್ಲಿಸಿ ಎಂದೆ. ಅತ್ತೆ ಒಪ್ಪಲಿಲ್ಲ. "ಇನ್ನೊಮ್ಮೆ ಅಕಿಗೆ ಹೋಗು ಅಂದ್ರ ಕೂಸಿನ್ನ ಕರ್ಕೊಂಡು ಅಫಜಲಪುರಕ್ಕ ತವರಮನಿಗೆ ಹೋಗ್ತೇನ್ರಿ," ಎಂದೆ. ಮಗ ಯಾರ ಪರ ಎಂದು ಅವರು ನೋಡಿದರು. ನನ್ನ ಗಂಡ ನೆಲ ನೋಡುತ್ತ ಕೂತರು. ಅಂದಿನಿಂದ ನಿವಾಳಿಕೆ ನಿಂತಿತು.

ಬಿಸಿಲು ಇಳಿಯುವ ಮೊದಲೇ ಜೋಳದ ರೊಟ್ಟಿ, ತುಪ್ಪ, ಬೆಲ್ಲ. ಟಿವಿ ಬಂದ್. ಮೊದಲ ವಾರ ಅಳು ಇತ್ತು, ಕಚ್ಚುವುದಿರಲಿಲ್ಲ. ಆಮೇಲೆ ಸಣ್ಣ ಕಿರಿಕಿರಿ. ಒಂದು ಸಂಜೆ ಕೂಗು ಶುರುವಾಗಿ ಮುಗಿದೂ ಹೋಯಿತು, ಮಗಳು ರೊಟ್ಟಿ ತಿನ್ನುತ್ತಲೇ ಇದ್ದಳು. ಅತ್ತೆ ನಮಾಜು ಮುಗಿಸಿ ಬಂದು ಅವಳ ತಲೆ ಸವರಿದರು.

"ಬಿಟ್ಟು ಹೋತು ನೋಡು. ಇನ್ನ ಬರಂಗಿಲ್ಲ."

ಮಗಳು ತಿನ್ನುವುದನ್ನು ನಿಲ್ಲಿಸಿದಳು. ಉಳಿದ ರೊಟ್ಟಿ ಕೈಯಲ್ಲಿ ಹಿಡಿದು ಎದ್ದು ಹೋಗಿ ಬಾಗಿಲು ತೆರೆದು ಓಣಿ ನೋಡುತ್ತ ನಿಂತಳು.

"ಯಾರ್ನ ನೋಡಾಕತ್ತಿ?" ಎಂದೆ.

"ಅಕೀನ್ನ. ಸಂಜೀಗೆ ಅಳ್ತಿದ್ದಳಲ್ಲ. ದಾದಿ ಹೊರಗ ಹಾಕಿದ್ರಲ್ಲ." ಕೈಯಲ್ಲಿನ ರೊಟ್ಟಿ ನೋಡಿ ಕೇಳಿದಳು, "ಇಷ್ಟೊತ್ತಿಗೆ ಅಕಿಗೆ ಭಾಳ ಹಸಿವಾಗ್ತದ ಅಮ್ಮೀ. ಎಲ್ಲಿ ಉಣ್ತಾಳ?"

ಅಷ್ಟೂ ಸಂಜೆ, ಆ ಕಿರುಚಾಟದ ಒಳಗೆ ಕೂತು, ಅವಳು ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳು.

"ಅಕಿ ನೀನೇ ಬೇಟಾ," ಎಂದೆ.

"ಅಲ್ಲ. ನಾ ಶಾಣ್ಯಾ ಹುಡುಗಿ. ಅಕೀನ್ನ ಯಾರೂ ಒಳಗ ಕರ್ಕೊಳ್ಳಂಗಿಲ್ಲ."

ಎಷ್ಟು ತಬ್ಬಿಕೊಂಡರೂ ಅವಳು ಓಣಿಯಿಂದ ಕಣ್ಣು ತೆಗೆಯಲಿಲ್ಲ. ನಾನು ಕರೆದರೆ ಆ ಹುಡುಗಿ ಬರುವುದಿಲ್ಲವಂತೆ, ಹೋಗು ಎಂದವರೇ ಕರೆಯಬೇಕಂತೆ. ನಾನು ಅತ್ತೆಯ ಕಡೆ ತಿರುಗಿದೆ. ಬೈಯಬೇಕೆಂದೇ ತಿರುಗಿದ್ದೆ. ಅವರ ಮುಖ ನೋಡಿ ಆಗಲಿಲ್ಲ.

ಮೊಣಕಾಲು ಹಿಡಿದುಕೊಂಡು ಅವರು ನಿಧಾನವಾಗಿ ಹೊಸ್ತಿಲಿಗೆ ಬಂದರು. ಓಣಿಯಲ್ಲಿ ಯಾರೂ ಇರಲಿಲ್ಲ. ಆ ಕತ್ತಲೆಗೆ ಮುಖಮಾಡಿ ನನ್ನ ಮಗಳ ಹೆಸರು ಹಿಡಿದು ಕರೆದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆಯುವಾಗ ಅವರ ದನಿ ಒಡೆದಿತ್ತು.

"ಬಾ ನನ್ನವ್ವ, ಉಣ್ಣು ಬಾ. ನೀನೂ ನಮ್ಮಾಕೀನೇ."

ಅವರ ಪಕ್ಕದಲ್ಲೇ ನಿಂತಿದ್ದ ಮಗಳು ಸಣ್ಣ ದನಿಯಲ್ಲಿ "ಬಂದೆ" ಎಂದಳು.