ಸುಶಿ ಅಂಗಡಿಯ ಪಂಕ್ತಿ

ಮಲೇಷ್ಯಾದ ಮೆಲಾಕಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಡುಪಿಯ ಮೇಷ್ಟ್ರು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಬೀದಿ ಕೊನೆಯ ಸುಶಿ ಅಂಗಡಿಯ ಉದ್ದನೆಯ ಕೌಂಟರಿನಲ್ಲಿ ಎಲ್ಲರ ಸಾಲಿನಲ್ಲಿ ಕೂತು, ಅನ್ನದೊಳಗೆ ಸೌತೆಕಾಯಿ ಇಟ್ಟು ಸುತ್ತಿದ ಸುಶಿ ತಿನ್ನುವರು. ತಿಂದಾದ ಮೇಲೆ ಮಾತ್ರ ಏಳುತ್ತಿರಲಿಲ್ಲ.

"ಪಂಕ್ತಿ ಏಳ್ಲಿ ಮಾರಾಯ್ರೆ. ಉಣ್ಣುವವರ ಮಧ್ಯ ಎದ್ದು ಹೋಗ್ಲಿಕ್ಕುಂಟಾ?"

ಒಬ್ಬರು ಎದ್ದರೆ ಇನ್ನೊಬ್ಬರು ಬಂದು ಕೂರುವ ಆ ಪಂಕ್ತಿಗೆ ಕೊನೆಯೇ ಇರಲಿಲ್ಲ.

ಒಮ್ಮೆ ಎರಡು ಗಂಟೆಗೆ ಅವರು ಪರೀಕ್ಷೆ ನಡೆಸಬೇಕಿತ್ತು. ಒಂದೂಮುಕ್ಕಾಲಾದರೂ ಗಡಿಯಾರ ನೋಡುತ್ತ ಬೆವರಿದರೇ ಹೊರತು ಅಲುಗಾಡಲಿಲ್ಲ. ಅವರ ಜೊತೆಗೆ ಹೋಗಿದ್ದ ನಾನು ತಡೆಯಲಾರದೆ ಸುಶಿ ಮಾಡುವ ಚೀನೀ ಅಜ್ಜನಿಗೆ ವಿಷಯ ತಿಳಿಸಿದೆ. ಅವನು ಚಾಕು ಕೆಳಗಿಟ್ಟು ಅಲ್ಲಿಯವರ ರಾಗದಲ್ಲಿ ಕೂಗಿದ: "ಎಲ್ಲರೂ ಒಂದ್ನಿಮಿಷ ಎದ್ದೇಳಿ ಲಾ!"

ಎಂಟು ಮಂದಿ ಕೈಯಲ್ಲಿ ತಿನ್ನುವ ಕಡ್ಡಿ ಹಿಡಿದುಕೊಂಡೇ ಎದ್ದು ನಿಂತರು. ಮೇಷ್ಟ್ರೂ ನೆಮ್ಮದಿಯಿಂದ ಎದ್ದು ಕೈತೊಳೆಯಲು ಹೊರಟರು. ಅವರ ಬೆನ್ನ ಹಿಂದೆ ಎಂಟು ಮಂದಿಯೂ ಮತ್ತೆ ಕೂತು ತಿನ್ನತೊಡಗಿದರು.

"ನೋಡಿದ್ರಾ," ಎಂದರು ಮೇಷ್ಟ್ರು, "ಇವ್ರಿಗೂ ಕ್ರಮ ಗೊತ್ತುಂಟು."