ಮೊರಬದ ಖಾನಾವಳಿಗೆ ಬಂದ ಮೆಕ್ಸಿಕೋದ ಗಿರಾಕಿ

ಮೊರಬದ ಬಸ್ ನಿಲ್ದಾಣದ ಎದುರು ಖಾನಾವಳಿ ನಡೆಸುವ ಕೆಂಚವ್ವ ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಜೋಳ ಬೀಸಲು ಕೊಟ್ಟರೆ ಕೊನೆಯ ಹಿಟ್ಟು ಉದುರುವವರೆಗೂ ಗಿರಣಿ ಬಿಟ್ಟು ಕದಲುವುದಿಲ್ಲ. ಹಾಲು ತಂದವರ ಎದುರಿಗೇ ಒಂದು ಗುಟುಕು ಕುಡಿದು ನೋಡುತ್ತಾಳೆ. ಕೆರೆಯ ನೀರು ಕುದಿದು ಆರಿದ ಹೊರತು ಗಿರಾಕಿಯ ಲೋಟಕ್ಕೆ ಬೀಳುವಂತಿಲ್ಲ. ಗಂಡ ಬೀರೇಶ ಕುರಿಹಿಂಡಿನ ಜೊತೆ ವರ್ಷದ ಎಂಟು ತಿಂಗಳು ಊರೂರು ಅಲೆಯುವವನು. ಮನೆಗೆ ಬಂದಾಗ ಅವನೂ "ಕೈಗೆ ಸಾಬಾನ ಹಚ್ಚಿದಿ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟೇ ಒಳಗೆ ಕಾಲಿಡಬೇಕು.

ಇದು ಅವಳ ಹುಟ್ಟುಗುಣವಲ್ಲ. ಹತ್ತೊಂಬತ್ತು ವರ್ಷದವಳಿದ್ದಾಗ ತಿರ್ಲಾಪುರದಲ್ಲಿ ನೆಂಟರ ಮನೆಯ ಬಸುರಿಯ ಕುಬಸಕ್ಕೆ ಹೋಗಿದ್ದಳು. ಕಲಾಯಿ ಹೋದ ಹಿತ್ತಾಳೆ ಹಂಡೆಯಲ್ಲಿ ಹಿಂದಿನ ದಿನವೇ ಮಜ್ಜಿಗೆ ಮಾಡಿಟ್ಟಿದ್ದರು. ಹದಿನಾಲ್ಕು ಮಂದಿಗೆ ವಾಂತಿ ಹಿಡಿಯಿತು. ಹದಿಮೂರು ಮಂದಿ ಆಸ್ಪತ್ರೆಯಿಂದ ತಿರುಗಿ ಬಂದರು, ಅವಳ ತಂಗಿ ಭಾಗ್ಯಾ ಬರಲಿಲ್ಲ. ಬೇಡ ಬೇಡ ಎಂದವಳಿಗೆ ಎರಡನೆಯ ಲೋಟ ಮಜ್ಜಿಗೆ ಸುರಿದು ಕುಡಿಸಿದ್ದು ಕೆಂಚವ್ವನೇ.

ಹೋದ ವರ್ಷ ಕಡಲೆ ಹೂ ಬಿಟ್ಟ ಹೊತ್ತಿಗೆ, ಊರಾಚೆಯ ಹೊಲಗಳಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳನ್ನು ನಿಲ್ಲಿಸಲು ಒಂದು ಕಂಪನಿಯ ಮಂದಿ ಬಂದರು. ಕೆಲಸಗಾರರಿಗೆ ದಿನವೂ ಮಧ್ಯಾಹ್ನದ ಊಟವನ್ನು ಡಬ್ಬಿಗಳಲ್ಲಿ ಕಳಿಸಬೇಕೆಂದು ಮೇಲ್ವಿಚಾರಕ ಯಲ್ಲೇಶ ಕೆಂಚವ್ವನಿಗೆ ಹೇಳಿದ. ಅವರಲ್ಲಿ ಒಬ್ಬ ಮಾತ್ರ ಡಬ್ಬಿ ಮುಟ್ಟದೆ ಜೀಪು ಹತ್ತಿ ಖಾನಾವಳಿಗೇ ಬರುತ್ತಿದ್ದ. ಅವನು ಮೆಕ್ಸಿಕೋ ದೇಶದ ತಂತ್ರಜ್ಞ, ಹೆಸರು ರೊಹೆಲಿಯೊ.

ಮೊದಲ ದಿನ ಬಂದವನು ಕುರ್ಚಿಯ ಮೇಲೆ ಕೂಡಲಿಲ್ಲ. ನೇರ ಅಡುಗೆಮನೆಯ ಬಾಗಿಲಿಗೆ ಬಂದು ಕತ್ತು ಚಾಚಿದ. ರೊಟ್ಟಿ ಬಡಿಯುವ ಅವಳ ಕೈ ನೋಡಿದ, ಉಗುರು ನೋಡಿದ, ನೀರಿನ ಹಂಡೆಯ ಮುಚ್ಚಳ ಎತ್ತಿದ. ಆಮೇಲೆ ಮೊಬೈಲ್ ತೆಗೆದು ಫೋಟೊ ಹೊಡೆದ.

ಕೆಂಚವ್ವನ ಕೈ ನಿಂತಿತು. ಜೀಪಿನ ಚಾಲಕ ಸರ್ಫರಾಜ್ ಎಂಟು ವರ್ಷ ದುಬೈಯಲ್ಲಿ ದುಡಿದು ಬಂದವನು, ಅವನಿಗೆ ಇಂಗ್ಲಿಷ್ ಬರುತ್ತಿತ್ತು.

"ಏನ್ ನೋಡಾಕತ್ತಾನ ಇವಾ? ಉಣ್ಣಾಕ ಬಂದಾನೋ, ತಪಾಸಣಿಗೆ ಬಂದಾನೋ?"

"ಎಲ್ಲಾ ಕಡೆ ಹಿಂಗ ಮಾಡ್ತಾನಕ್ಕಾ. ನವಲಗುಂದದಾಗ ಒಂದು ಹೋಟೆಲ್ ಒಳಗ ಹೋಗಿ ನೋಡಿ ಹಂಗ ಹೊರಗ ಬಂದ. ಇಲ್ಲರ ಉಣ್ತಾನೋ ಇಲ್ಲೋ."

ಅವನು ಉಂಡ. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಹೆಸರುಕಾಳಿನ ಪಲ್ಯ. ಹಸಿ ಉಳ್ಳಾಗಡ್ಡಿಯನ್ನೂ ಮೊಸರನ್ನೂ ಪಕ್ಕಕ್ಕೆ ಸರಿಸಿದ. ಮೊಸರು ಬಿಟ್ಟದ್ದು ಕೆಂಚವ್ವನಿಗೆ ಅವಮಾನವೆನಿಸಿತು. ಇವನು ಯಾರದೋ ಕಡೆಯಿಂದ ಬಂದಿರಬೇಕು, ಫೋಟೊ ತೋರಿಸಿ ಖಾನಾವಳಿ ಮುಚ್ಚಿಸುವ ಹುನ್ನಾರ ಇರಬೇಕು ಎಂದುಕೊಂಡಳು. ಮರುದಿನವೂ ಬಂದ, ಮತ್ತೆ ಮುಚ್ಚಳ ಎತ್ತಿದ, ಮತ್ತೆ ಫೋಟೊ. ಅಂದಿನಿಂದ ಅವನು ಉಣ್ಣುವವರೆಗೂ ಅವಳು ಅವನನ್ನು ಕಣ್ಣಿಟ್ಟು ಕಾಯುತ್ತಿದ್ದಳು, ಅವನು ಅವಳನ್ನು.

ಹನ್ನೆರಡನೆಯ ದಿನ ಹೊತ್ತು ಇಳಿಯುವಾಗ ಯಲ್ಲೇಶ ಬೈಕಿನಲ್ಲಿ ಬಂದವನೇ ಹೊರಗಿನಿಂದಲೇ ಕೂಗಾಡಿದ. "ಏನ್ ಹಾಕಿದೆವ್ವಾ ಅಡಗಿಗೆ? ಏಳು ಮಂದಿ ಬಿದ್ದಾರ. ವಾಂತಿ, ಜುಲಾಬು. ದವಾಖಾನಿಗೆ ಒಯ್ದಾರ!"

ನಿಲ್ದಾಣದಲ್ಲಿದ್ದ ಜನ ಸೇರಿದರು. ಉಣ್ಣುತ್ತಿದ್ದ ಇಬ್ಬರು ಕೈ ತೊಳೆದು ಎದ್ದು ಹೋದರು. ಕೆಂಚವ್ವ ಬೆಳಗಿನಿಂದ ಮಾಡಿದ್ದನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದಳು. ಎಣ್ಣೆ? ಹೊಸ ಡಬ್ಬ. ಕಾಳು? ತಾನೇ ಆರಿಸಿದ್ದು. ಆದರೂ ಪಲ್ಯದ ಪಾತ್ರೆಯ ಮುಚ್ಚಳ ತೆಗೆದು ಮತ್ತೊಮ್ಮೆ ಮೂಸಿ ನೋಡಿದಳು. ಮೂವತ್ತು ವರ್ಷದ ಹಿಂದೆ ತಿರ್ಲಾಪುರದಲ್ಲೂ ತಾನು ಬಡಿಸಿದ್ದರಲ್ಲಿ ತಪ್ಪಿಲ್ಲ ಎಂದೇ ಅವಳು ತಿಳಿದಿದ್ದಳು.

ಮಧ್ಯಾಹ್ನ ಉಂಡು ಹೋಗಿದ್ದ ರೊಹೆಲಿಯೊ ಆ ಹೊತ್ತಿಗೆ ಮತ್ತೆ ಜೀಪಿನಿಂದ ಇಳಿದ. ಇನ್ನು ಇವನ ಫೋಟೊಗಳೂ ಹೊರಗೆ ಬಂದವು ಅಂದುಕೊಂಡಳು ಕೆಂಚವ್ವ.

ಬಂದವೂ ಬಂದವು. ಅವನು ಮೊಬೈಲನ್ನು ಯಲ್ಲೇಶನ ಮುಖಕ್ಕೆ ಹಿಡಿದು ಒಂದೊಂದೇ ಚಿತ್ರ ಸರಿಸಿದ. ಸರ್ಫರಾಜ್ ಎಲ್ಲರಿಗೂ ಕೇಳುವಂತೆ ಹೇಳಿದ. "ಇದು ಅಕ್ಕನ ಹಂಡೆ, ಹನ್ನೆರಡು ದಿನದ್ದು. ದಿನಾ ಕುದಿಸ್ಯಾಳ. ಇದು ನಿಮ್ಮ ಕೆಲಸದ ಜಾಗಾದಾಗಿನ ಕುಡಿಯೂ ನೀರಿನ ಡ್ರಮ್. ಮುಚ್ಚಳ ಇಲ್ಲ, ಅದಕ್ಕ ನೀರು ತುಂಬೂ ಪೈಪು ದನ ಮಲಗೂ ತೆಗ್ಗಿನಾಗ ಬಿದ್ದೈತಿ. ಸಾಹೇಬ್ರೂ ಇವತ್ತ ಅದೇ ಪಲ್ಯ ಉಂಡಾರ, ಆ ನೀರು ಮಾತ್ರ ಒಂದ ದಿನಾನೂ ಕುಡಿದಿಲ್ಲ ಅನ್ನಾಕತ್ತಾರ."

ಯಲ್ಲೇಶ ಚಿತ್ರವನ್ನು ಹಿಗ್ಗಿಸಿ ನೋಡಿದ. ಬೈಕು ತಿರುಗಿಸಿ ಕೆಲಸದ ಜಾಗದ ಕಡೆ ಹೋದ. ಏಳು ಮಂದಿಯೂ ನಾಲ್ಕು ದಿನದಲ್ಲಿ ಚೇತರಿಸಿಕೊಂಡರು. ದವಾಖಾನೆಯಲ್ಲೂ ನೀರಿನದೇ ದೋಷ ಎಂದರು. ಮತ್ತೆ ಡಬ್ಬಿ ಕಳಿಸಬೇಕಾದರೆ ಕುಡಿಯುವ ನೀರೂ ತನ್ನ ಹಂಡೆಯದೇ ಹೋಗಬೇಕು ಎಂದು ಕೆಂಚವ್ವ ಪಟ್ಟು ಹಿಡಿದಳು. ಯಲ್ಲೇಶ ಒಪ್ಪಿದ.

ಯಲ್ಲೇಶ ಕೂಗಾಡಿ ಹೋದ ಮರುದಿನ ಊಟಕ್ಕೆ ಬಂದ ರೊಹೆಲಿಯೊನ ಎದುರು ಅವಳು ಮೊದಲ ಸಲ ಕುಳಿತಳು. "ಯಾಕ ಹಿಂಗ ಎಲ್ಲಾರ ಒಲಿ ನೋಡತೀರಿ, ಕೇಳಲೇ ಸರ್ಫರಾಜ್."

ರೊಹೆಲಿಯೊನ ತಾಯಿ ಕಡಲ ದಂಡೆಯ ಊರಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ ಊಟ ಮಾರುವವಳಂತೆ. ಒಂದು ವರ್ಷ ಊರು ನೋಡಲು ಬಂದವನೊಬ್ಬ ಬೇರೆಲ್ಲೋ ತಿಂದು ಬಿದ್ದ. ಕೆಟ್ಟ ಹೆಸರು ಬಂದದ್ದು ಇವಳ ಚಪ್ಪರಕ್ಕೆ. ಇಡೀ ಹಂಗಾಮು ಒಲೆ ಹೊತ್ತಲಿಲ್ಲ. ಒಲೆ ಚೊಕ್ಕಟವೆಂದು ತೋರಿಸಲು ಅವಳ ಬಳಿ ಏನೂ ಇರಲಿಲ್ಲ, ಅದಕ್ಕೇ ಅವನು ಉಣ್ಣುವ ಕಡೆಯೆಲ್ಲ ಫೋಟೊ ತೆಗೆದಿಡುತ್ತಾನಂತೆ.

ಕೆಂಚವ್ವ ಅವನ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು. "ಹಂಗಾದ್ರ ನಿಮ್ಮೂರಿಗೆ ಬಂದವರು ಎಲ್ಲಿ ಉಣಬೇಕು?"

ಕಡಲಿಗೆ ಮುಖ ಮಾಡಿ ಬಣ್ಣದ ಕುರ್ಚಿ ಹಾಕಿದ ಕಡೆ ಬೇಡ ಎಂದ ಅವನು. ಹಿಂದಿನ ಓಣಿಯಲ್ಲಿ, ಮೀನು ಹಿಡಿಯುವವರು ತಾವೇ ಕೂತು ಉಣ್ಣುವ ಕಡೆ ಹೋಗಬೇಕು. ಮೀನು ತಿನ್ನುವುದಾದರೆ ಮಧ್ಯಾಹ್ನದೊಳಗೆ. ರೊಟ್ಟಿ ಗೋವಿನಜೋಳದ್ದು, ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು ಅರೆದದ್ದು.

"ಸುಣ್ಣದ ನೀರಾಗ?" ಕೆಂಚವ್ವ ಸರ್ಫರಾಜ್‌ನ ಕಡೆ ತಿರುಗಿದಳು. "ನೀ ಸರಿಯಾಗಿ ಹೇಳವಲ್ಲಿ. ಇನ್ನೊಮ್ಮೆ ಕೇಳು."

ಅವನು ಇನ್ನೊಮ್ಮೆ ಕೇಳಿದ. ಅದೇ ಉತ್ತರ ಬಂತು. "ಎಲಿ ಅಡಿಕಿಗೆ ಹಚ್ಚೂ ಸುಣ್ಣನ ಅಕ್ಕಾ."

"ಹೊಟ್ಟಿ ಏನಾಗಬೇಕು ಅದನ್ನ ತಿಂದವರದು?" ಎನ್ನುತ್ತ ಅವಳು ಎದ್ದು ರೊಟ್ಟಿ ಹಾಕಲು ಹೋದಳು. ಫ್ಯಾನುಗಳು ನಿಂತು ರೊಹೆಲಿಯೊ ಊರಿಗೆ ಹೋಗಿ ಎಷ್ಟೋ ತಿಂಗಳಾದವು. ಒಳ್ಳೆಯ ಮನುಷ್ಯ ಎಂದು ಎಲ್ಲರ ಮುಂದೆ ಹೇಳುತ್ತಾಳೆ, ಸುಣ್ಣದ ಮಾತೊಂದು ಮಾತ್ರ ಸುಳ್ಳು ಎನ್ನುತ್ತಾಳೆ.